ಆಗಬಲ್ಲವನನ್ನು ಅಳೆಯುವುದು ಹೇಗೆ?

2013ರ ಜೂನ್ 27ರಂದು ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ ತಂಡಗಳು ಹೊಸ ಆಟಗಾರರನ್ನು ಆರಿಸಿಕೊಳ್ಳಲು ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಸೇರಿದ್ದವು. ಡ್ರಾಫ್ಟ್ ಎಂದು ಕರೆಯುವ ಈ ಪದ್ಧತಿಯಲ್ಲಿ ತಂಡಗಳು ಸರದಿಯ ಪ್ರಕಾರ ಒಬ್ಬೊಬ್ಬರ ಹೆಸರು ಹೇಳುತ್ತವೆ. ಎರಡು ಸುತ್ತು, ಆ ವರ್ಷ ಒಟ್ಟು 60 ಹೆಸರು. ಮೊದಲ ಸರದಿ ಕ್ಲೀವ್‌ಲ್ಯಾಂಡ್ ತಂಡದ್ದು. ಅದು ಆರಿಸಿದ್ದು ಕೆನಡಾದ ಆಂಥನಿ ಬೆನೆಟ್‌ನನ್ನು. ಹದಿನಾಲ್ಕು ಹೆಸರುಗಳು ಮುಗಿದ ಮೇಲೆ ಮಿಲ್ವಾಕಿ ಬಕ್ಸ್ ತಂಡವು ಗ್ರೀಸಿನ ಎರಡನೇ ದರ್ಜೆಯ ಲೀಗಿನಲ್ಲಿ ಆಡುತ್ತಿದ್ದ 18 ವರ್ಷದ ಯಾನಿಸ್ ಅಂಟೆಟೊಕುಂಪೊನನ್ನು ಆರಿಸಿತು.

ಮುಂದಿನದು ಈಗ ಎಲ್ಲರಿಗೂ ಗೊತ್ತು. ಬೆನೆಟ್ ನಾಲ್ಕು ಋತುಗಳಲ್ಲಿ ನಾಲ್ಕು ತಂಡಗಳಿಗೆ ಆಡಿ ಎನ್‌ಬಿಎಯಿಂದ ಹೊರಬಿದ್ದ. ಯಾನಿಸ್ 2019ರಲ್ಲೂ 2020ರಲ್ಲೂ ಲೀಗಿನ ಅತ್ಯುತ್ತಮ ಆಟಗಾರನಾದ. 2021ರ ಫೈನಲ್ ಸರಣಿಯ ಕೊನೆಯ ಪಂದ್ಯದಲ್ಲಿ 50 ಅಂಕ ಗಳಿಸಿ, ಮಿಲ್ವಾಕಿಗೆ 50 ವರ್ಷಗಳ ನಂತರ ಪ್ರಶಸ್ತಿ ತಂದುಕೊಟ್ಟ.

ಇದನ್ನು ನೋಡಿದವರು ‘ಯಾನಿಸ್‌ನಲ್ಲಿ ಸಾಮರ್ಥ್ಯವಿತ್ತು, ಬೆನೆಟ್‌ನಲ್ಲಿ ಇರಲಿಲ್ಲ’ ಎನ್ನುತ್ತಾರೆ. ಮಾತು ಸರಳವಾಗಿದೆ, ಆದರೆ ಅದರೊಳಗೆ ತತ್ತ್ವಶಾಸ್ತ್ರದ ಬಹಳ ಹಳೆಯ ಪ್ರಶ್ನೆಯೊಂದಿದೆ. ಇನ್ನೂ ಪ್ರಕಟವಾಗದ ಸಾಮರ್ಥ್ಯ ‘ಇದೆ’ ಎನ್ನುವುದಕ್ಕೆ ಅರ್ಥವೇನು? ಇದ್ದರೆ ಅದು ಎಲ್ಲಿದೆ? ಹುಡುಗನ ಮೈಯಲ್ಲೋ, ತರಬೇತಿಯಲ್ಲೋ, ನೋಡುವವರ ಊಹೆಯಲ್ಲೋ?

ಇಂಥ ಸಾಮರ್ಥ್ಯ ಇಲ್ಲವೇ ಇಲ್ಲ ಎಂದವರು ಪ್ರಾಚೀನ ಗ್ರೀಸಿನಲ್ಲಿದ್ದರು. ಮೆಗಾರ ಎಂಬ ಊರಿನ ಹೆಸರಿನಿಂದ ಗುರುತಿಸಿಕೊಂಡ ಆ ಪಂಥದವರ ಪ್ರಕಾರ, ಒಂದು ಕೆಲಸ ಮಾಡುತ್ತಿರುವಾಗ ಮಾತ್ರ ಅದನ್ನು ಮಾಡುವ ಶಕ್ತಿ ಇರುತ್ತದೆ. ಮನೆ ಕಟ್ಟುತ್ತಿರುವಷ್ಟು ಹೊತ್ತು ಆತ ಮನೆ ಕಟ್ಟಬಲ್ಲವನು. ಕೈ ನಿಂತರೆ ಶಕ್ತಿಯೂ ಇಲ್ಲ. ಕ್ರಿಸ್ತಪೂರ್ವ ನಾಲ್ಕನೇ ಶತಮಾನದ ಅರಿಸ್ಟಾಟಲ್ ‘ಮೆಟಾಫಿಸಿಕ್ಸ್’ ಗ್ರಂಥದ ಒಂಬತ್ತನೇ ಭಾಗದಲ್ಲಿ ಈ ವಾದವನ್ನು ಎದುರಿಸುತ್ತಾನೆ. ಹಾಗಿದ್ದರೆ ಕೂತವನು ಏಳಲಾರ, ಕಣ್ಣು ಮುಚ್ಚಿದವನು ಕುರುಡ, ಕೆಲಸ ನಿಲ್ಲಿಸಿದ ಬಡಗಿ ಮರುದಿನ ಕಸುಬನ್ನು ಮತ್ತೆ ಮೊದಲಿನಿಂದ ಕಲಿಯಬೇಕು. ಜಗತ್ತಿನಲ್ಲಿ ಬದಲಾವಣೆಗೇ ಜಾಗವಿಲ್ಲದಂತಾಗುತ್ತದೆ. ಆದ್ದರಿಂದ ‘ಆಗಿರುವುದು’ ಮತ್ತು ‘ಆಗಬಲ್ಲುದು’ ಎರಡೂ ಇರವಿನ ನಿಜವಾದ ಬಗೆಗಳು ಎನ್ನುವುದು ಅವನ ನಿಲುವು.

ಮೆಗಾರದವರ ವಾದ ಸತ್ತಿಲ್ಲ. ಅಂಕಿಅಂಶದ ಹಾಳೆಯನ್ನಷ್ಟೇ ಹಿಡಿದು ಆಟಗಾರನ ಬೆಲೆ ಕಟ್ಟುವವರು ಇಂದಿಗೂ ಅದೇ ಮಾತನ್ನು ಆಡುತ್ತಾರೆ. ಯಾನಿಸ್ ಮೊದಲ ಋತುವಿನಲ್ಲಿ ಪಂದ್ಯಕ್ಕೆ ಸರಾಸರಿ 6.8 ಅಂಕ ಗಳಿಸಿದ. ಅಷ್ಟೇ ಅವನ ಸಾಮರ್ಥ್ಯ ಎಂದು ಬರೆದಿಟ್ಟುಕೊಂಡಿದ್ದರೆ ಮುಂದಿನ ಋತುಗಳ 12.7, 16.9, 22.9 ಎಲ್ಲಿಂದ ಬಂದವು ಎಂದು ವಿವರಿಸುವುದು ಕಷ್ಟವಾಗುತ್ತಿತ್ತು.

ಇದೇ ಪ್ರಶ್ನೆಯನ್ನು ನಮ್ಮ ದರ್ಶನಗಳು ಕಾರ್ಯ-ಕಾರಣದ ಚರ್ಚೆಯಲ್ಲಿ ಎತ್ತಿಕೊಂಡವು. ಸಾಂಖ್ಯರದು ಸತ್ಕಾರ್ಯವಾದ: ಕಾರ್ಯವು ಹುಟ್ಟುವ ಮೊದಲೇ ಕಾರಣದಲ್ಲಿ ಅವ್ಯಕ್ತವಾಗಿ ಇರುತ್ತದೆ. ಎಳ್ಳಿನಲ್ಲಿ ಎಣ್ಣೆ ಇರುವುದರಿಂದಲೇ ಗಾಣಕ್ಕೆ ಹಾಕಿದಾಗ ಬರುತ್ತದೆ. ಮರಳನ್ನು ಎಷ್ಟು ಅರೆದರೂ ಬರುವುದಿಲ್ಲ. ನ್ಯಾಯ-ವೈಶೇಷಿಕರದು ಅಸತ್ಕಾರ್ಯವಾದ: ಮಡಕೆ ಮಣ್ಣಿನಲ್ಲಿ ಮೊದಲೇ ಇರಲಿಲ್ಲ, ಅದು ಹೊಸದಾಗಿ ಹುಟ್ಟಿದ್ದು. ಮೊದಲೇ ಇದ್ದರೆ ಕುಂಬಾರನಿಗೆ ಏನು ಕೆಲಸ? ಮಣ್ಣು, ಚಕ್ರ, ಕೋಲು, ಕುಂಬಾರ ಎಲ್ಲ ಕೂಡಿದಾಗ ಮಾತ್ರ ಮಡಕೆ.

ಬಾಸ್ಕೆಟ್‌ಬಾಲ್ ಪ್ರತಿಭಾಶೋಧಕರಲ್ಲೂ ಈ ಎರಡು ಪಂಥಗಳಿವೆ, ಅವರು ಆ ಹೆಸರುಗಳನ್ನು ಕೇಳಿರದಿದ್ದರೂ. ಹುಡುಗನ ಕೈಯುದ್ದ, ಜಿಗಿತ, ವೇಗವನ್ನು ಅಳೆದು ‘ಇವನೊಳಗೆ ದೊಡ್ಡ ಆಟಗಾರನಿದ್ದಾನೆ’ ಎನ್ನುವವರು ಸಾಂಖ್ಯರ ಕಡೆ. ‘ಯಾವ ಕೋಚ್ ಸಿಗುತ್ತಾನೆ, ಎಷ್ಟು ನಿಮಿಷ ಆಡಲು ಬಿಡುತ್ತಾರೆ, ಅದರ ಮೇಲೆ ಎಲ್ಲ’ ಎನ್ನುವವರು ನೈಯಾಯಿಕರ ಕಡೆ. ಎರಡೂ ಕಡೆ ಸತ್ಯವಿದೆ. ಆದರೆ ಯಾವ ಸತ್ಯ ಎಲ್ಲಿ ಸಲ್ಲುತ್ತದೆ ಎಂದು ತಿಳಿಯಲು ಸಾಮರ್ಥ್ಯದೊಳಗಿನ ಮೆಟ್ಟಿಲುಗಳನ್ನು ಬಿಡಿಸಿ ನೋಡಬೇಕು.

ಅರಿಸ್ಟಾಟಲ್‌ ‘ಆತ್ಮದ ಕುರಿತು’ ಎಂಬ ಗ್ರಂಥದಲ್ಲಿ ಇದಕ್ಕೊಂದು ದಾರಿ ತೋರಿಸಿದ್ದಾನೆ. ಒಬ್ಬನನ್ನು ‘ಬಲ್ಲವನು’ ಎಂದು ಮೂರು ಅರ್ಥದಲ್ಲಿ ಕರೆಯಬಹುದು. ಮನುಷ್ಯನಾಗಿ ಹುಟ್ಟಿದ್ದರಿಂದ ವ್ಯಾಕರಣ ಕಲಿಯಬಲ್ಲವನು ಒಬ್ಬ. ವ್ಯಾಕರಣವನ್ನು ಕಲಿತು, ಬೇಕಾದಾಗ ಬಳಸಬಲ್ಲವನು ಇನ್ನೊಬ್ಬ. ಈ ಗಳಿಗೆಯಲ್ಲಿ ಅದನ್ನು ಬಳಸುತ್ತಿರುವವನು ಮೂರನೆಯವನು. ಮೊದಲ ಇಬ್ಬರೂ ‘ಸಮರ್ಥರೇ’, ಆದರೆ ಒಂದೇ ಅರ್ಥದಲ್ಲಿ ಅಲ್ಲ. ಮೊದಲನೆಯವನಿಂದ ಎರಡನೆಯವನಾಗಲು ವರ್ಷಗಟ್ಟಲೆ ಕಲಿಕೆ ಬೇಕು, ಸ್ವಭಾವವೇ ಬದಲಾಗಬೇಕು. ಎರಡನೆಯವನು ಮೂರನೆಯವನಾಗಲು ಅವಕಾಶ ಸಿಕ್ಕರೆ ಸಾಕು.

ಡೆನ್ವರ್ ನಗೆಟ್ಸ್ ತಂಡದ ನಿಕೊಲಾ ಯೋಕಿಚ್‌ನ ಕಥೆಯಲ್ಲಿ ಈ ವ್ಯತ್ಯಾಸ ಕಣ್ಣಿಗೆ ಕಟ್ಟುತ್ತದೆ. ಸರ್ಬಿಯಾದ ಸೊಂಬೊರ್ ಊರಿನ ಈ ಹುಡುಗ 2014ರ ಡ್ರಾಫ್ಟ್‌ನಲ್ಲಿ 41ನೆಯವನು. ಅವನ ಹೆಸರು ಬಂದಾಗ ಟಿವಿಯಲ್ಲಿ ಜಾಹೀರಾತು ಓಡುತ್ತಿತ್ತು. ದಪ್ಪ ಮೈ, ನಿಧಾನದ ಓಟ, ಹೆಚ್ಚು ಜಿಗಿಯಲಾರದ ಕಾಲು. ಮೊದಲ ಅರ್ಥದ ಸಾಮರ್ಥ್ಯವನ್ನು ಅಳೆಯುವ ಪಟ್ಟಿಯಲ್ಲಿ ಅವನಿಗೆ ಹೆಚ್ಚು ಅಂಕ ಬರುವಂತಿರಲಿಲ್ಲ. ಆದರೆ ಅವನ ಪಾಸ್ ನೋಡಿ. ಬುಟ್ಟಿಗೆ ಬೆನ್ನು ಹಾಕಿ ಚೆಂಡು ಹಿಡಿದು ನಿಲ್ಲುತ್ತಾನೆ. ಹಿಂದಿನಿಂದ ಸಹ ಆಟಗಾರನೊಬ್ಬ ಬುಟ್ಟಿಯತ್ತ ನುಗ್ಗುತ್ತಾನೆ. ಅವನು ತಲುಪುವ ಮೊದಲೇ ಚೆಂಡು ಯೋಕಿಚ್‌ನ ಕೈ ಬಿಟ್ಟು, ಆ ಆಟಗಾರ ಇನ್ನೂ ಕಾಲಿಡದ ಜಾಗಕ್ಕೆ ಹೊರಟಿರುತ್ತದೆ. ಇದು ಜಿಗಿತದ ಅಳತೆಯಲ್ಲಿ ಸಿಗುವ ಗುಣವಲ್ಲ. ಕಲಿತು ಮೈಗೂಡಿದ, ಎರಡನೇ ಮೆಟ್ಟಿಲಿನ ಸಾಮರ್ಥ್ಯ.

ಹಾಗಾದರೆ ಅವನಿಗೆ ಬೇಕಾಗಿದ್ದದ್ದು ಅವಕಾಶ. ಡೆನ್ವರ್‌ನಲ್ಲಿ ಅದೇ ಡ್ರಾಫ್ಟ್‌ನ ಇನ್ನೊಬ್ಬ ಸೆಂಟರ್ (ಬುಟ್ಟಿಯ ಬಳಿ ಆಡುವ ಎತ್ತರದ ಆಟಗಾರ), ಬೋಸ್ನಿಯಾದ ಯೂಸುಫ್ ನುರ್ಕಿಚ್ ಇದ್ದ. ಅವನು 16ನೆಯವನಾಗಿ ಆಯ್ಕೆಯಾದವನು. 2016ರ ಋತುವಿನ ಆರಂಭದಲ್ಲಿ ಕೋಚ್ ಮೈಕೆಲ್ ಮಲೋನ್ ಇಬ್ಬರನ್ನೂ ಒಟ್ಟಿಗೆ ಆಡಿಸಿ ನೋಡಿದರು. ಜೋಡಿ ಹೊಂದಲಿಲ್ಲ. ಡಿಸೆಂಬರ್‌ನಲ್ಲಿ ಸೆಂಟರ್ ಸ್ಥಾನವನ್ನು ಯೋಕಿಚ್‌ಗೆ ಕೊಟ್ಟು, ಅವನ ಮೂಲಕವೇ ತಂಡದ ದಾಳಿ ಸಾಗುವಂತೆ ಮಾಡಿದರು. ಎರಡು ತಿಂಗಳಲ್ಲಿ ನುರ್ಕಿಚ್ ಪೋರ್ಟ್‌ಲ್ಯಾಂಡ್‌ಗೆ ಹೋದ. ಅಲ್ಲಿ ಅವನ ಆಟವೂ ಚಿಗುರಿತು. ಇಬ್ಬರೂ ಅದೇ ಮನುಷ್ಯರು. ಬದಲಾದದ್ದು ಸುತ್ತಲಿನ ಸನ್ನಿವೇಶ. ಮುಂದೆ ಯೋಕಿಚ್ 2021, 2022 ಮತ್ತು 2024ರಲ್ಲಿ ಅತ್ಯುತ್ತಮ ಆಟಗಾರನಾದ. 2023ರಲ್ಲಿ ಡೆನ್ವರ್ ಮೊದಲ ಬಾರಿ ಪ್ರಶಸ್ತಿ ಗೆದ್ದಿತು. ನೈಯಾಯಿಕರು ಸಹಕಾರಿ ಕಾರಣ ಎನ್ನುವುದು ಇದನ್ನೇ. ಅದಿಲ್ಲದೆ ಕಾರ್ಯ ಹುಟ್ಟದು.

ಇನ್ನೊಂದು ತುದಿಯಲ್ಲಿ ಸಾಮರ್ಥ್ಯ ಎಂಬ ಮಾತನ್ನು ಅಗ್ಗ ಮಾಡುವ ಅಪಾಯವಿದೆ. ಕಂಚು ಪ್ರತಿಮೆಯಾಗಬಲ್ಲುದು ಎನ್ನಬಹುದು, ಆದರೆ ನೆಲದ ಮಣ್ಣು ಪ್ರತಿಮೆಯಾಗಬಲ್ಲುದು ಎನ್ನುವಂತಿಲ್ಲ ಎಂದು ಅರಿಸ್ಟಾಟಲ್ ಎಚ್ಚರಿಸುತ್ತಾನೆ. ಮಣ್ಣು ಮೊದಲು ಕಂಚಾಗಬೇಕು. ಪಂಜಾಬಿನ ಬಲ್ಲೋ ಕೆ ಗ್ರಾಮದ ಸತ್ನಾಮ್ ಸಿಂಗ್ 2015ರಲ್ಲಿ 52ನೆಯವನಾಗಿ ಡಲ್ಲಾಸ್ ತಂಡಕ್ಕೆ ಆಯ್ಕೆಯಾದಾಗ ಭಾರತವೇ ಸಂಭ್ರಮಿಸಿತು. ಭಾರತದಲ್ಲಿ ಹುಟ್ಟಿ ಬೆಳೆದವರಲ್ಲಿ ಎನ್‌ಬಿಎ ಡ್ರಾಫ್ಟ್‌ಗೆ ಬಂದ ಮೊದಲಿಗ ಅವನು. ಏಳು ಅಡಿ ಎರಡು ಅಂಗುಲದ ಎತ್ತರ ಎಲ್ಲರ ಬಾಯಲ್ಲಿತ್ತು. ಆದರೆ ಎನ್‌ಬಿಎಯ ಒಂದು ಪಂದ್ಯದಲ್ಲೂ ಆಡುವ ಅವಕಾಶ ಅವನಿಗೆ ಬರಲಿಲ್ಲ. ಎತ್ತರ ಒಂದು ದ್ರವ್ಯ. ಅದು ಆಟವಾಗಲು ನಡುವೆ ಎಷ್ಟೋ ಹಂತಗಳಿವೆ. ಅವನು ಒಳ್ಳೆಯ ತರಬೇತಿಗಾಗಿ ಫ್ಲಾರಿಡಾಕ್ಕೆ ಹೋದದ್ದು 14ನೇ ವಯಸ್ಸಿನಲ್ಲಿ. ಆ ಹಂತಗಳನ್ನು ಊರಿನ ಹತ್ತಿರವೇ ಒದಗಿಸಲಾಗದ ವ್ಯವಸ್ಥೆಯನ್ನು ಬಿಟ್ಟು, ಹುಡುಗನನ್ನು ದೂರುವುದು ಅನ್ಯಾಯ.

ಮತ್ತೊಂದು ತಪ್ಪು ಫಲದಿಂದ ಹಿಂದಕ್ಕೆ ಓದುವುದು. ಗೆದ್ದವನಲ್ಲಿ ಸಾಮರ್ಥ್ಯವಿತ್ತು, ಸೋತವನಲ್ಲಿ ಇರಲಿಲ್ಲ ಎಂದುಬಿಟ್ಟರೆ ನಾವು ಏನನ್ನೂ ವಿವರಿಸಿದಂತಾಗಲಿಲ್ಲ, ಫಲಕ್ಕೆ ಎರಡನೇ ಹೆಸರು ಕೊಟ್ಟೆವಷ್ಟೆ. 2007ರಲ್ಲಿ ಪೋರ್ಟ್‌ಲ್ಯಾಂಡ್ ಮೊದಲನೆಯವನಾಗಿ ಗ್ರೆಗ್ ಓಡನ್‌ನನ್ನು ಆರಿಸಿತು; ಎರಡನೆಯವನು ಕೆವಿನ್ ಡ್ಯುರಾಂಟ್. ಓಡನ್‌ಗೆ ಮೊದಲ ಋತು ಶುರುವಾಗುವ ಮೊದಲೇ ಮೊಣಕಾಲಿನ ಶಸ್ತ್ರಚಿಕಿತ್ಸೆ ಆಯಿತು. ಎನ್‌ಬಿಎಯಲ್ಲಿ ಅವನು ಆಡಿದ್ದು ಒಟ್ಟು 105 ಪಂದ್ಯ. ಡ್ಯುರಾಂಟ್ ಈ ಕಾಲದ ಮಹಾನ್ ಆಟಗಾರರಲ್ಲಿ ಒಬ್ಬನಾದ. ಇದರಿಂದ ಓಡನ್‌ನಲ್ಲಿ ಸಾಮರ್ಥ್ಯವೇ ಇರಲಿಲ್ಲ ಎಂದು ತೀರ್ಮಾನಿಸಲಾಗದು. ಅಡ್ಡಿ ಇಲ್ಲದಿದ್ದರೆ ಪ್ರಕಟವಾಗುವುದು ಸಾಮರ್ಥ್ಯದ ಲಕ್ಷಣ. ಅಡ್ಡಿ ಬಂದಾಗ ಪ್ರಕಟವಾಗದಿದ್ದರೆ ಅದು ಸುಳ್ಳಾಗಿತ್ತು ಎಂದರ್ಥವಲ್ಲ.

ನನ್ನ ಮಟ್ಟಿಗೆ ಈ ವಿಚಾರದ ತಿರುಳು ಇಲ್ಲಿದೆ: ಸಾಮರ್ಥ್ಯವು ಹುಡುಗನೊಳಗೆ ಮುಚ್ಚಿಟ್ಟ ನಿಧಿಯಲ್ಲ. ಅದು ಅವನಿಗೂ ಕಲಿಕೆಗೂ ಅವಕಾಶಕ್ಕೂ ನಡುವಿನ ಸಂಬಂಧ. ಹಾಗಾಗಿ ಅಳೆಯುವವನು ಹೊರಗೆ ನಿಂತ ಸಾಕ್ಷಿಯಲ್ಲ. ತೀರ್ಪು ಕೊಡುತ್ತಲೇ ಅವನೂ ಸಹಕಾರಿ ಕಾರಣವಾಗಿಬಿಡುತ್ತಾನೆ. ಬ್ಯಾರಿ ಸ್ಟಾ ಮತ್ತು ಹಾ ಹೋಂಗ್ ಎಂಬ ಸಂಶೋಧಕರು 1995ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಪುರಾವೆ ಕೊಡುತ್ತದೆ. ಎನ್‌ಬಿಎ ಆಟಗಾರರು ಅಂಗಳದಲ್ಲಿ ತೋರಿದ ಸಾಧನೆಯನ್ನು ಲೆಕ್ಕಕ್ಕೆ ಹಿಡಿದ ಮೇಲೂ, ಡ್ರಾಫ್ಟ್‌ನಲ್ಲಿ ಮೊದಲೇ ಆಯ್ಕೆಯಾದವರಿಗೆ ಹೆಚ್ಚು ನಿಮಿಷ ಆಡುವ ಅವಕಾಶ ಸಿಗುತ್ತಿತ್ತು ಮತ್ತು ಅವರು ಲೀಗಿನಲ್ಲಿ ಹೆಚ್ಚು ಕಾಲ ಉಳಿಯುತ್ತಿದ್ದರು. ಒಂದು ಸಂಜೆ ಕೊಟ್ಟ ಸಂಖ್ಯೆ ವರ್ಷಗಟ್ಟಲೆ ಅವಕಾಶವನ್ನು ಹಂಚುತ್ತಿತ್ತು. ಅವಕಾಶವೇ ಸಾಮರ್ಥ್ಯವನ್ನು ಬೆಳೆಸುವುದರಿಂದ, ತೀರ್ಪು ತನ್ನನ್ನು ತಾನೇ ನಿಜ ಮಾಡಿಕೊಳ್ಳಬಲ್ಲುದು.

ಮಿಲ್ವಾಕಿಯ ನಿರ್ಧಾರ ಈ ಬೆಳಕಿನಲ್ಲಿ ಬೇರೆಯಾಗಿ ಕಾಣುತ್ತದೆ. ಅವರು ಯಾನಿಸ್‌ನನ್ನು ಆರಿಸಿ ಸುಮ್ಮನೆ ಕಾಯಲಿಲ್ಲ. 2016ರಲ್ಲಿ ಕೋಚ್ ಜೇಸನ್ ಕಿಡ್, ಸುಮಾರು ಏಳು ಅಡಿಯ ಆ ಆಟಗಾರನ ಕೈಗೆ ಚೆಂಡು ಕೊಟ್ಟು ತಂಡದ ದಾಳಿಯನ್ನು ನಡೆಸಲು ಹೇಳಿದರು. ಅದು ಸಾಮಾನ್ಯವಾಗಿ ತಂಡದ ಗಿಡ್ಡ ಆಟಗಾರರ ಕೆಲಸ. 2016-17ರ ಋತುವಿನ ಕೊನೆಗೆ ಯಾನಿಸ್‌ಗೆ ಲೀಗಿನಲ್ಲಿ ಅತಿ ಹೆಚ್ಚು ಸುಧಾರಿಸಿದ ಆಟಗಾರನೆಂಬ ಗೌರವ ಬಂತು. ಅವರ ಊಹೆ ಸರಿಯಾಗಿತ್ತು ಎನ್ನುವುದು ಅರ್ಧ ಸತ್ಯ. ಊಹೆಯನ್ನು ಸರಿಯಾಗಿಸುವ ಕೆಲಸವನ್ನೂ ಅವರು ಮಾಡಿದರು.

ಎನ್‌ಬಿಎಯಲ್ಲಿ ಮೊದಲ ಸುತ್ತಿನಲ್ಲಿ ಆಯ್ಕೆಯಾದ ಹುಡುಗನಿಗೆ ಎರಡು ವರ್ಷಗಳ ಸಂಬಳದ ಭರವಸೆ ಮಾತ್ರ ಇರುತ್ತದೆ. ಮೂರನೇ ಮತ್ತು ನಾಲ್ಕನೇ ವರ್ಷ ಉಳಿಸಿಕೊಳ್ಳುವುದು ತಂಡದ ಇಚ್ಛೆ. ಎರಡು ವರ್ಷ ಒಬ್ಬ ಮನುಷ್ಯ ಏನಾಗಬಲ್ಲ ಎಂದು ತಿಳಿಯಲು ಸಾಲದು ಎಂದು ಯಾನಿಸ್, ಯೋಕಿಚ್ ಇಬ್ಬರೂ ತೋರಿಸಿದ್ದಾರೆ. ಆದ್ದರಿಂದ ಹತ್ತೊಂಬತ್ತರ ಹುಡುಗನನ್ನು ಅಳೆಯುವವರಲ್ಲಿ ಒಂದು ಕೋರಿಕೆ: ‘ಇವನಲ್ಲಿ ಎಷ್ಟಿದೆ’ ಎಂಬ ಒಂದೇ ಪ್ರಶ್ನೆಗೆ ನಿಲ್ಲಬೇಡಿ. ಈಗ ಯಾವ ಮೆಟ್ಟಿಲಲ್ಲಿದ್ದಾನೆ, ಮುಂದಿನದಕ್ಕೆ ಏನು ಬೇಕು, ಅದನ್ನು ಕೊಡುವವರು ಯಾರು ಎಂದೂ ಕೇಳಿ. ಕೊನೆಯ ಪ್ರಶ್ನೆಗೆ ‘ನಾವು’ ಎಂದು ಹೇಳುವ ಧೈರ್ಯ ಇಲ್ಲದವರಿಗೆ ‘ಇವನಲ್ಲಿ ಸಾಮರ್ಥ್ಯವಿಲ್ಲ’ ಎನ್ನುವ ಹಕ್ಕೂ ಇಲ್ಲ.