ಅನುಭವ ಮತ್ತು ಆಪ್ತವಾಕ್ಯ

ಹೊಸ ಉದ್ಯೋಗವನ್ನು ಅರಸಿ ಹೋದವನು ಎರಡು ವರ್ಷದ ಅನುಭವವನ್ನು ಐದು ವರ್ಷವೆಂದು ಹೇಳಿಕೊಳ್ಳುವುದು ಇಂದು ಅಪರೂಪವೇನೂ ಅಲ್ಲ. “ಎಲ್ಲರೂ ಹೀಗೆಯೇ ಹೇಳುತ್ತಾರೆ, ಇದರಿಂದ ಯಾರಿಗೆ ನಷ್ಟ?” ಎಂಬುದು ಅದಕ್ಕೆ ಸಿದ್ಧವಾಗಿರುವ ಸಮಾಧಾನ. ಈ ಸಮಾಧಾನವು ವಿಚಾರದ ಮುಂದೆ ನಿಲ್ಲುವುದೇ?

ಶ್ರೀಮದಾಚಾರ್ಯರ ಸಿದ್ಧಾಂತದಲ್ಲಿ ಪ್ರತ್ಯಕ್ಷ, ಅನುಮಾನ, ಆಗಮ ಎಂದು ಪ್ರಮಾಣಗಳು ಮೂರು. ವಸ್ತುವನ್ನು ಅದು ಇರುವಂತೆಯೇ ತಿಳಿಸುವುದು ಪ್ರಮಾಣದ ಲಕ್ಷಣ. ಆಗಮವೆಂದರೆ ದೋಷರಹಿತವಾದ ಶಬ್ದ. ಕೆಲಸ ಕೊಡುವವನು ಅಭ್ಯರ್ಥಿಯ ಹಿಂದಿನ ದುಡಿಮೆಯನ್ನು ಕಣ್ಣಾರೆ ಕಂಡವನಲ್ಲ. ಅವನಿಗಿರುವ ಮುಖ್ಯ ಆಧಾರ ಮಾತು. ಆ ಮಾತಿಗೆ ದೋಷವನ್ನು ಬೆರೆಸಿದರೆ, ನಂಬಿದವನ ಬುದ್ಧಿಯಲ್ಲಿ ಅಯಥಾರ್ಥ ಜ್ಞಾನವನ್ನು ಬಿತ್ತಿದಂತಾಯಿತು. ಸಾವಿರ ಎಲೆಯ ಸಂತರ್ಪಣೆಗೆ ಅಡಿಗೆ ಮಾಡಿದ್ದೇನೆಂದು ಹೇಳಿ ಪಾಕಶಾಲೆಗೆ ಸೇರಿದವನು ಐವತ್ತು ಎಲೆಯಷ್ಟೇ ಬಲ್ಲವನಾದರೆ, ಉತ್ಸವದ ದಿನ ಹಸಿದು ಕಾಯುವವರು ಅವನ ಮಾತನ್ನು ಕೇಳಿಯೇ ಇರದ ಭಕ್ತರು. ನಷ್ಟ ಯಾರಿಗೆ ಎಂಬುದಕ್ಕೆ ಉತ್ತರ ಇಲ್ಲಿಯೇ ಇದೆ.

ಅಜ್ಞಾತವಾಸದಲ್ಲಿ ವಿರಾಟರಾಜನ ಬಳಿ ಕೆಲಸ ಬೇಡಿದ ಪಾಂಡವರು ನಿಜವನ್ನು ಮರೆಸಲಿಲ್ಲವೇ ಎಂದು ಕೆಲವರು ಆಕ್ಷೇಪಿಸಬಹುದು. ಹೆಸರನ್ನು ಮರೆಸಿದ್ದು ಹೌದು. ಅದು ದ್ಯೂತದ ಪಣದಿಂದ ಬಂದ ನಿರ್ಬಂಧ, ನಮಗೆ ಅನುಕರಣೀಯವಲ್ಲ. ವಿದ್ಯೆಯ ವಿಷಯದಲ್ಲಿ ಮಾತ್ರ ಅವರು ಎಳ್ಳಷ್ಟೂ ಹೆಚ್ಚು ಹೇಳಲಿಲ್ಲ. ವಾಯ್ವವತಾರಿಗಳಾದ ಭೀಮಸೇನದೇವರು ಸಟ್ಟುಗವನ್ನು ಹಿಡಿದು ಅಡಿಗೆಯವನೆಂದು ನಿಂತರು. ನಕುಲನು ಕುದುರೆಗಳನ್ನೂ ಸಹದೇವನು ಗೋವುಗಳನ್ನೂ ನಿಜವಾಗಿ ಬಲ್ಲವರು. ಅರ್ಜುನನು ಚಿತ್ರಸೇನ ಗಂಧರ್ವನಿಂದ ನೃತ್ಯಗೀತಗಳನ್ನು ಕಲಿತಿದ್ದನು. ಇದ್ದ ಸಾಮರ್ಥ್ಯಕ್ಕಿಂತ ಕಡಿಮೆಯನ್ನೇ ಅವರು ಹೇಳಿಕೊಂಡರು. ಅದೇ ಅರಮನೆಯ ಉತ್ತರಕುಮಾರನಾದರೋ, ಸಾರಥಿಯೊಬ್ಬ ದೊರೆತರೆ ಕೌರವರನ್ನು ಗೆಲ್ಲುವೆನೆಂದು ಸ್ತ್ರೀಯರ ಮುಂದೆ ಕೊಚ್ಚಿಕೊಂಡು, ಸೇನೆಯನ್ನು ಕಂಡು ನಡುಗಿ ರಥದಿಂದ ಧುಮುಕಿ ಓಡಿದನು.

ಉತ್ಪ್ರೇಕ್ಷೆಯಿಂದ ಆಗುವ ಹಾನಿಯಲ್ಲಿ ಸಿಕ್ಕಿಬೀಳುವ ಭಯವು ಅತ್ಯಲ್ಪ. ಬಲ್ಲೆನೆಂದು ಹೇಳಿ ಒಳಸೇರಿದವನು ಆಮೇಲೆ “ಇದು ಹೇಗೆ?” ಎಂದು ಕೇಳಲಾರನು, ಕೇಳದವನಿಗೆ ವಿದ್ಯೆ ಬಾರದು. ಗೀತೆಯಲ್ಲಿ ಭಗವಂತನು ಪ್ರಣಿಪಾತ ಮತ್ತು ಸೇವೆಗಳೊಡನೆ ಪರಿಪ್ರಶ್ನೆಯನ್ನೂ ಜ್ಞಾನಕ್ಕೆ ಸಾಧನವೆಂದು ಹೇಳಿರುವನು. ಆ ಬಾಗಿಲನ್ನು ಇವನು ತಾನೇ ಮುಚ್ಚಿಕೊಂಡಂತಾಯಿತು. ಉತ್ತರನೂ ತನ್ನ ಭಯವನ್ನು ಒಪ್ಪಿಕೊಂಡ ಮೇಲೆಯೇ ಅರ್ಜುನನಿಗೆ ಸಾರಥಿಯಾಗಿ ಸಾರ್ಥಕನಾದನು.

ಅನುಭವವಿಲ್ಲದೆ ಕೆಲಸವಿಲ್ಲ, ಕೆಲಸವಿಲ್ಲದೆ ಅನುಭವವಿಲ್ಲ ಎಂಬ ಅನ್ಯೋನ್ಯಾಶ್ರಯದಲ್ಲಿ ಸಿಲುಕಿದ ಬಡ ತರುಣನ ಸಂಕಟವೂ ಸುಳ್ಳಲ್ಲ. ಆ ಗಂಟನ್ನು ಬಿಡಿಸುವ ಹೊಣೆ ಕೆಲಸ ಕೊಡುವವರ ಮೇಲಿದೆ. “ಇಷ್ಟು ಬಲ್ಲೆ, ಉಳಿದುದನ್ನು ಕಲಿಯುವೆ” ಎಂದವನನ್ನು ಹಿಂದಕ್ಕೆ ಕಳುಹಿಸಿ, ಬಡಾಯಿಗೆ ಮಣೆ ಹಾಕುವವರು ಆ ಅಸತ್ಯದಲ್ಲಿ ಪಾಲುಗಾರರಾಗುತ್ತಾರೆ. ಜೀವರ ಯೋಗ್ಯತೆಯಲ್ಲಿ ತಾರತಮ್ಯವನ್ನು ಒಪ್ಪುವ ನಮಗೆ, “ನನಗೆ ತಿಳಿದಿರುವುದು ಇಷ್ಟೇ” ಎಂದು ಹೇಳಲು ಲಜ್ಜೆಯೇಕೆ? ಹಾಗೆಂದವನಿಗೆ ಕಲಿಸುವ ಔದಾರ್ಯವನ್ನು ಶ್ರೀಹರಿಯು ಹಿರಿಯರಿಗೂ ಅನುಗ್ರಹಿಸಲಿ.

॥ ಶ್ರೀಕೃಷ್ಣಾರ್ಪಣಮಸ್ತು ॥