ಹಾಸಿಗೆ ಇದ್ದಷ್ಟು

‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಅನ್ನೋ ಗಾದೆಯನ್ನ ನಾವು ಬಳಸೋದು ದುಡ್ಡಿನ ವಿಷಯಕ್ಕೆ. ಆಸ್ಪತ್ರೆಯಲ್ಲಿ ಮಾತ್ರ ಅದು ಅಕ್ಷರಶಃ ನಿಜ. ಅಲ್ಲಿನ ಮಂಚ ಸುಮಾರು ಮೂರು ಅಡಿ ಅಗಲ. ಆ ಅಳತೆ ಯಾರ ಮೈ ನೋಡಿ ಮಾಡಿದ್ದು ಅಂತ ಯಾರೂ ಕೇಳೋದಿಲ್ಲ, ಅದರಲ್ಲಿ ಹಿಡಿಸದವರು ಬರುವ ತನಕ.

ತೂಕ ಇಳಿಸುವ ಶಸ್ತ್ರಚಿಕಿತ್ಸೆಗೆ, ಅಂದರೆ ಬೇರಿಯಾಟ್ರಿಕ್ ಸರ್ಜರಿಗೆ ಬರುವವರಿಗಾಗಿಯೇ ಮಾಡಿದ ಮಂಚಗಳಿವೆ. ನಾಲ್ಕು ಅಡಿಯಷ್ಟು ಅಗಲ, 350-450 ಕಿಲೋ ತಡೆಯುವ ಚೌಕಟ್ಟು. ಗುಂಡಿ ಒತ್ತಿದರೆ ತಲೆಯ ಭಾಗ ಮೇಲೇಳುತ್ತದೆ. ಇದು ಐಷಾರಾಮ ಅಲ್ಲ. ಹೊಟ್ಟೆಯ ಭಾರ ವಪೆಯನ್ನು ಒತ್ತುವುದರಿಂದ ಇವರಿಗೆ ಅಂಗಾತ ಮಲಗಿದರೆ ಉಸಿರಾಟ ಕಷ್ಟ. ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆಯೂ ಅನೇಕರಿಗಿರುತ್ತೆ. ಇನ್ನು ಆಪರೇಶನ್ ಆದ ಕೆಲವೇ ಗಂಟೆಗಳಲ್ಲಿ ಎದ್ದು ನಾಲ್ಕು ಹೆಜ್ಜೆ ಹಾಕಬೇಕು. ಇಲ್ಲದಿದ್ದರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿ, ಅದು ಶ್ವಾಸಕೋಶಕ್ಕೆ ಹೋಗಿ ಜೀವಕ್ಕೇ ಕುತ್ತಾಗಬಹುದು. ಅದಕ್ಕೇ ತಲೆಯ ಮೇಲೆ ನೇತಾಡುವ ಹಿಡಿಕೆ, ನೆಲದ ಹತ್ತಿರಕ್ಕೆ ಇಳಿಯುವ ಮಂಚ.

ನನ್ನ ಚಿಕ್ಕಮ್ಮನ ಮಗಳು ಇದೇ ಆಪರೇಶನ್ ಮಾಡಿಸಿಕೊಂಡ ಆಸ್ಪತ್ರೆಯಲ್ಲಿ ಅಂಥ ಮಂಚ ಇರಲಿಲ್ಲ. ಜಾಹೀರಾತು ದೊಡ್ಡದಿತ್ತು. ಅವಳ ತೂಕ ಆಗ 160 ಕಿಲೋ. ಮಾಮೂಲಿ ಮಂಚ ಮುರೀತಿರಲಿಲ್ಲ, ಆದರೆ ಮಗ್ಗುಲಾಗೋಕೆ ಜಾಗ ಇಲ್ಲ. ವಾರ್ಡಿನವರು ಎರಡು ಮಂಚ ಜೋಡಿಸಿ, ಕಾಲುಗಳನ್ನು ಬ್ಯಾಂಡೇಜ್ ಬಟ್ಟೆಯಲ್ಲಿ ಬಿಗಿದು ಕಟ್ಟಿದರು. ತಲೆಯ ಭಾಗ ಎತ್ತಬೇಕಾದರೆ ಎರಡೂ ಹ್ಯಾಂಡಲ್‌ಗಳನ್ನು ಇಬ್ಬರು ಒಟ್ಟಿಗೆ, ಸಮಕ್ಕೆ ತಿರುಗಿಸಬೇಕು. ಒಂದು ಕಡೆ ಬೇಗ ಎದ್ದರೆ ಅವಳ ಹೊಲಿಗೆ ಎಳೆಯುತ್ತಿತ್ತು. ರಾತ್ರಿಯೆಲ್ಲ ಒಂದು ಕಡೆ ನಾನು, ಇನ್ನೊಂದು ಕಡೆ ಆಯಾ. ಹನ್ನೆರಡರ ಹೊತ್ತಿಗೆ ಅವಳು ಮೆಲ್ಲಗೆ, “ಅಕ್ಕಾ, ನನ್ನಿಂದ ಇನ್ನೊಬ್ಬರ ಮಂಚ ಹೋಯ್ತಲ್ಲ” ಅಂದಳು.

ನನ್ನನ್ನು ಕೊರೆದದ್ದು ಈ ಮಾತು. ಲಕ್ಷಗಟ್ಟಲೆ ದುಡ್ಡು ಕಟ್ಟಿದವಳು ಅವಳು. ಮಂಚ ಒದಗಿಸದವರು ಸುಮ್ಮನಿದ್ದರು, ಸಂಕೋಚಪಟ್ಟವಳು ಮಾತ್ರ ಅವಳು. ಒಂದು ವಸ್ತುವಿನ ಕೊರತೆ ಒಬ್ಬ ಮನುಷ್ಯಳ ತಪ್ಪಾಗಿ ಬದಲಾಗೋದು ಹೇಗೆ?

ತಿಂದು ದಪ್ಪಗಾದವರು ತಾನೇ, ಅನುಭವಿಸಲಿ ಅನ್ನೋರಿದ್ದಾರೆ. ವಂಶವಾಹಿ, ಹಾರ್ಮೋನು, ಕೆಲವು ಔಷಧಿಗಳು ಇವೆಲ್ಲ ತೂಕ ಏರಿಸುತ್ತವೆ ಅಂತ ಅವರಿಗೆ ವಿವರಿಸಬಹುದು. ಆದರೆ ನನಗೆ ಆ ವಾದವೇ ಬೇಡ. ತಪ್ಪು ಪೂರ್ತಿ ಅವರದ್ದೇ ಅಂತಲೇ ಇಟ್ಟುಕೊಳ್ಳಿ. ಬೀಡಿ ಸೇದಿ ಎದೆ ಕೆಡಿಸಿಕೊಂಡವನಿಗೆ ಆಕ್ಸಿಜನ್ ಕೊಡುವಾಗ ನಾವು ಲೆಕ್ಕ ಕೇಳ್ತೀವಾ?

ಇದಕ್ಕಿಂತ ಗಟ್ಟಿಯಾದ ಪ್ರಶ್ನೆ ಕೇಳಿದವನು ಸರ್ಕಾರಿ ಆಸ್ಪತ್ರೆಯಲ್ಲಿ ಕೆಲಸ ಮಾಡುವ ಗೆಳೆಯ. “ನಮ್ಮಲ್ಲಿ ನೆಲದ ಮೇಲೆ ಚಾಪೆ ಹಾಕಿ ಮಲಗಿಸ್ತೀವಿ. ಒಂದು ದುಬಾರಿ ಮಂಚದ ದುಡ್ಡಲ್ಲಿ ಎಷ್ಟು ಮಾಮೂಲಿ ಮಂಚ ಬರುತ್ತೆ ಗೊತ್ತಾ?” ಇದನ್ನ ತಳ್ಳಿಹಾಕೋಕೆ ಆಗಲ್ಲ. ಎಲ್ಲ ತಾಲ್ಲೂಕು ಆಸ್ಪತ್ರೆಗೂ ಅಂಥದ್ದು ಬೇಕು ಅಂತ ನಾನೂ ಹೇಳಲಾರೆ. ಆದರೆ ಆಪರೇಶನ್ನನ್ನು ಮಾರುವವರ ಮಟ್ಟಿಗೆ ಈ ಲೆಕ್ಕ ನಡೆಯೋದಿಲ್ಲ. ಬಿಎಂಐ 40 ದಾಟಿದವರಿಗೆ, ಗಂಭೀರ ಕಾಯಿಲೆಗಳೂ ಇದ್ದರೆ 35 ದಾಟಿದವರಿಗೆ ಈ ಚಿಕಿತ್ಸೆಯನ್ನು ವಿಮಾ ನಿಯಮಗಳೇ ಒಪ್ಪುತ್ತವೆ. ಬರುವವರ ಮೈ ಎಷ್ಟು ದೊಡ್ಡದು ಅಂತ ಮೊದಲೇ ಗೊತ್ತಿದ್ದೂ ಮಂಚ ತರಿಸದಿರೋದನ್ನ ಬಡತನ ಅಂತ ಹೇಗೆ ಕರೆಯಲಿ?

2017ರಲ್ಲಿ ಈಜಿಪ್ಟಿನ ಒಬ್ಬ ಹೆಣ್ಣುಮಗಳನ್ನು ಸರಕು ವಿಮಾನದಲ್ಲಿ ಮುಂಬಯಿಗೆ ಕರೆತಂದು, ಮಂಚದ ಸಮೇತ ಕ್ರೇನಿನಲ್ಲಿ ಎತ್ತಿದ ಚಿತ್ರ ಎಲ್ಲ ಪತ್ರಿಕೆಗಳಲ್ಲೂ ಬಂತು. ಸಿದ್ಧತೆ ಇತ್ತು, ಸರಿ. ಮರೆ ಮಾತ್ರ ಇರಲಿಲ್ಲ.

ಮಂಚ ಇಲ್ಲದ ಕಡೆ ಆ ಭಾರ ಬೀಳೋದು ಆಯಾಗಳ, ನರ್ಸ್‌ಗಳ ಬೆನ್ನಿನ ಮೇಲೆ. ನನ್ನ ಜೊತೆ ಹ್ಯಾಂಡಲ್ ತಿರುಗಿಸಿದ ಆಯಾಗೆ ಐವತ್ತು ದಾಟಿತ್ತು, ಸೊಂಟಕ್ಕೆ ಬೆಲ್ಟು ಕಟ್ಟಿಕೊಂಡಿದ್ದಳು. ನಿಮ್ಮ ಮನೆಯವರು ಯಾರಾದರೂ ಈ ಆಪರೇಶನ್‌ಗೆ ಹೋಗೋದಿದ್ದರೆ, ಪ್ಯಾಕೇಜ್ ದರ ಕೇಳುವಾಗಲೇ ಮಂಚ ಎಷ್ಟು ಅಗಲ ಅಂತಲೂ ಕೇಳಿ. ಗಾಲಿಕುರ್ಚಿ, ಕಮೋಡು, ಬಿಪಿ ನೋಡುವ ಪಟ್ಟಿ, ಇವನ್ನೂ.