ಅಪ್ಪಣೆ ಕೇಳಿ ಉಣ್ಣುವುದು

ಶಿರಸಿಯ ಶಂಕರಹೊಂಡದಲ್ಲಿ ಹುಟ್ಟಿ, ಸಿದ್ದಾಪುರದ ಕಾಡಿನ ನಡುವೆ ಉಂಚಳ್ಳಿಯಲ್ಲಿ 116 ಮೀಟರ್ ಕೆಳಗೆ ಧುಮುಕಿ, ಕುಮಟಾದ ಬಳಿ ಕಡಲು ಸೇರುವ ಅಘನಾಶಿನಿಗೆ ಎಲ್ಲೂ ದೊಡ್ಡ ಅಣೆಕಟ್ಟಿಲ್ಲ. ಈ ನದಿಯನ್ನೇ ಕುರಿತು ಅಶ್ವಿನಿಕುಮಾರ ಭಟ್ಟರು ‘ಅಘನಾಶಿನಿ’ ಎಂಬ ಸಾಕ್ಷ್ಯಚಿತ್ರ ಮಾಡಿದ್ದಾರೆ. ಹೊಳೆಯ ಜೊತೆ ಘಟ್ಟ ಇಳಿದವರಿಗೆ ದಾರಿಯುದ್ದಕ್ಕೂ ಕಾಣುವುದು ಅನ್ನವೇ. ಮೇಲೆ ಹೊಳೆಯಂಚಿನ ಅಪ್ಪೆಮಿಡಿ, ಅಡಿಕೆ ತೋಟದೊಳಗಿನ ಕಾಳುಮೆಣಸು. ಕೆಳಗೆ ಗಜನಿ ಗದ್ದೆಯಲ್ಲಿ ಉಪ್ಪುನೀರು ತಾಳಿಕೊಳ್ಳುವ ಕಗ್ಗ ಭತ್ತ. ಕೊಯ್ಲು ಮುಗಿದ ಮೇಲೆ ಅದೇ ಗದ್ದೆಗೆ ಭರತದ ನೀರಿನೊಂದಿಗೆ ಮೀನು, ಸಿಗಡಿ ಬರುತ್ತವೆ. ಅಳಿವೆಯ ಮರಳಲ್ಲಿ ಬಳಚು ಎಂಬ ಚಿಪ್ಪುಮೀನು ಸಿಗುತ್ತದೆ. ಅದನ್ನು ಯಾರೂ ಬಿತ್ತಿದ್ದಲ್ಲ.

ಇತ್ತೀಚಿನ ವರ್ಷಗಳಲ್ಲಿ ನಾಳಿನ ಊಟವನ್ನು ಕುರಿತ ಚಿತ್ರಗಳು ಕಡಲಿನತ್ತ ಹೊರಳಿವೆ. ಆಸ್ಟ್ರೇಲಿಯಾದ ಡೇಮನ್ ಗ್ಯಾಮೋ 2019ರಲ್ಲಿ ತೆಗೆದ ‘2040’ ಚಿತ್ರದಲ್ಲಿ ತನ್ನ ಪುಟ್ಟ ಮಗಳು ದೊಡ್ಡವಳಾಗುವ ಹೊತ್ತಿಗೆ ಲೋಕ ಹೇಗಿರಬಹುದೆಂದು ಕೇಳಿಕೊಳ್ಳುತ್ತಾನೆ. ಆತನಿಗೆ ಕಾಣುವ ಉತ್ತರಗಳಲ್ಲಿ ಕಡಲಪಾಚಿಯ ಕೃಷಿಯೂ ಒಂದು. ಪಾಚಿಗೆ ಹೊಲ ಬೇಡ, ಸಿಹಿನೀರು ಬೇಡ, ಗೊಬ್ಬರವೂ ಬೇಡ ಎಂಬ ಮಾತು ಬಹುಮಟ್ಟಿಗೆ ನಿಜವೇ. 2020ರಲ್ಲಿ ಶುರುವಾದ ಮತ್ಸ್ಯ ಸಂಪದ ಯೋಜನೆಯಲ್ಲಿ ಕೇಂದ್ರ ಸರ್ಕಾರ ಇದಕ್ಕೆಂದೇ 640 ಕೋಟಿ ರೂಪಾಯಿ ತೆಗೆದಿರಿಸಿತು. ಆದರೆ ಇಂಥ ಉತ್ಸಾಹದ ನಡುವೆ ಒಂದು ಪ್ರಶ್ನೆ ಬದಿಗೆ ಸರಿಯುತ್ತದೆ. ಯಾರನ್ನು ಕೇಳಿ ತೆಗೆದುಕೊಳ್ಳುವುದು?

ಉತ್ತರ ಕನ್ನಡಕ್ಕೆ ಈ ಪ್ರಶ್ನೆ ಹಳೆಯದು. 1801ರಲ್ಲಿ ಈ ಸೀಮೆಯಲ್ಲಿ ಸುತ್ತಾಡಿದ ಬ್ರಿಟಿಷ್ ಸಮೀಕ್ಷಕ ಫ್ರಾನ್ಸಿಸ್ ಬುಕಾನನ್ ಒಂದು ವಿಚಿತ್ರ ಪದ್ಧತಿಯನ್ನು ಬರೆದಿಟ್ಟ. ಕಾಡು ಆಯಾ ಊರಿನ ದೇವರದು. ಮರ ಕಡಿಯಬೇಕಾದರೆ ಊರ ಗೌಡನ ಅಪ್ಪಣೆ ಬೇಕು, ಆ ಗೌಡನೇ ದೇವರ ಪೂಜಾರಿ. ಅಪ್ಪಣೆಗೆ ದೇವರು ಕಾಸು ಕೇಳುವುದಿಲ್ಲ. ಕೇಳದೆ ಕಡಿದವನನ್ನು ಮಾತ್ರ ಬಿಡುವುದಿಲ್ಲ. ಇಷ್ಟನ್ನು ಬರೆದು ಬುಕಾನನ್ ತನ್ನ ತೀರ್ಪನ್ನೂ ಸೇರಿಸಿದ: ಸರ್ಕಾರ ಕಾಡಿನ ಮೇಲೆ ಹಕ್ಕು ಸಾಧಿಸದಿರಲೆಂದು ಜನ ಹೂಡಿದ ಉಪಾಯ ಇದು.

ಉಪಾಯವೇ ಇದ್ದಿರಬಹುದು. ಆದರೂ ಆ ಉಪಾಯದ ಒಡಲಲ್ಲಿ ಒಂದು ದರ್ಶನವಿದೆ, ಬುಕಾನನ್ನನ ಕಣ್ಣಿಗೆ ಅದು ಬೀಳಲಿಲ್ಲ. ಅಪ್ಪಣೆ ಕೇಳುವವನು ಎದುರಿಗೆ ಒಬ್ಬರಿದ್ದಾರೆಂದು, ಅವರು ಬೇಡವೆನ್ನಬಹುದೆಂದು ಮೊದಲೇ ಒಪ್ಪಿಕೊಂಡಿರುತ್ತಾನೆ. ಬೆಲೆ ಕೊಟ್ಟು ಕೊಳ್ಳುವವನಿಗೆ ಆ ಅಳುಕಿಲ್ಲ; ಹಣ ಎಣಿಸಿದರೆ ಮುಗಿಯಿತು. ತೈತ್ತಿರೀಯ ಉಪನಿಷತ್ತಿನ ಭೃಗು ಬ್ರಹ್ಮವನ್ನು ಹುಡುಕುತ್ತ ಹೊರಟಾಗ ಮೊದಲು ತಿಳಿದದ್ದು ಅನ್ನವೇ ಬ್ರಹ್ಮವೆಂದು. ಹಾಗಿದ್ದರೆ ಉಣ್ಣುವ ಪ್ರತಿಯೊಂದು ತುತ್ತಿಗೂ ಅಪ್ಪಣೆ ಬೇಕಾಗುತ್ತದೆ. ಸಿದ್ದಾಪುರದ ಕತ್ತಲೆಕಾನಿನಲ್ಲಿ ಇಂದಿಗೂ ಕಾಡುಜಾಯಿಕಾಯಿ ಜಾತಿಯ ಮರಗಳ ಜೌಗು ಉಳಿದಿದೆ. ಇಂಥ ಎಷ್ಟೋ ಕಾನುಗಳನ್ನು, ದೇವರಕಾಡುಗಳನ್ನು ಕಾಯ್ದದ್ದು ಈ ಅಳುಕೇ.

ಅಳುಕು ಹೋದರೆ ಏನಾಗುತ್ತದೆಂಬುದಕ್ಕೆ ಕಾಡಿನ ಉಪ್ಪಾಗೆ ಹಣ್ಣೇ ಸಾಕ್ಷಿ. ಮಲೆನಾಡಿನ ಅಡುಗೆಮನೆಗೆ ಅದು ಹುಳಿಯ ಸಿಪ್ಪೆ, ಬೀಜದಿಂದ ತುಪ್ಪ. ಅದರ ಸಿಪ್ಪೆಯಲ್ಲಿ ಮೈಬೊಜ್ಜು ಕರಗಿಸುವ ಆಮ್ಲವಿದೆಯೆಂದು ಹೊರದೇಶಗಳ ಮಾರುಕಟ್ಟೆ ನಂಬಿದ ಮೇಲೆ, 1990ರ ದಶಕದಲ್ಲಿ, ಶಿರಸಿ–ಸಿದ್ದಾಪುರದ ಕಾಡುಗಳಲ್ಲಿ ಸುಗ್ಗಿಯೋ ಸುಗ್ಗಿ. ತಾನು ಬಿಟ್ಟರೆ ಇನ್ನೊಬ್ಬ ಕೊಯ್ಯುತ್ತಾನೆಂದು ಕಾಯಿ ಹಣ್ಣಾಗುವ ಮೊದಲೇ ಕೊಯ್ದರು, ಕೊಂಬೆಗಳನ್ನೇ ಕಡಿದರು. ಮಳೆಗಾಲದ ಫಸಲಾದ್ದರಿಂದ ಸಿಪ್ಪೆ ಒಣಗಿಸಲು ಹೊರೆಗಟ್ಟಲೆ ಸೌದೆ ಉರಿಯಿತು. ಟೆಂಡರು ಹಿಡಿದವನಿಗೆ ಕಾಗದದ ಅನುಮತಿಯಿತ್ತು. ಮರಕ್ಕೆ, ಮಂಗಟ್ಟೆ ಹಕ್ಕಿಗೆ, ಮುಂದಿನ ವರ್ಷಕ್ಕೆ ಎಷ್ಟು ಬಿಡಬೇಕೆಂದು ಆ ಕಾಗದ ಕೇಳಲಿಲ್ಲ.

ಪಾಚಿ ಬೆಳೆಯುವ ಕಡಲೂ ಯಾರದೂ ಅಲ್ಲದ ಬಂಜರಲ್ಲ. ತಮಿಳುನಾಡಿನ ರಾಮನಾಥಪುರದ ಕರಾವಳಿಯಲ್ಲಿ ಬಿದಿರ ತೆಪ್ಪಗಳಿಗೆ ಕಪ್ಪಾಫೈಕಸ್ ಎಂಬ ಹೊರಗಿನ ಪಾಚಿ ಕಟ್ಟಿ ಬೆಳೆಸಿದ ಹೆಂಗಸರಿಗೆ ಸಂಪಾದನೆಯಾದದ್ದು ಸುಳ್ಳಲ್ಲ, ಸಣ್ಣದೂ ಅಲ್ಲ. ಅದೇ ಪಾಚಿ ಮನ್ನಾರ್ ಖಾರಿಯ ಕುರುಸಡೈ ದ್ವೀಪದ ಹವಳಗಳ ಮೇಲೆ ಹಬ್ಬಿ ಅವುಗಳನ್ನು ಮುಚ್ಚಿದ್ದನ್ನು 2008ರಲ್ಲಿ ವಿಜ್ಞಾನಿಗಳು ವರದಿ ಮಾಡಿದರು. ತೇಗ ಮತ್ತು ಅಕೇಶಿಯಾದ ನೆಡುತೋಪುಗಳನ್ನು ಕಂಡ ಯಲ್ಲಾಪುರ, ಶಿರಸಿಯವರಿಗೆ ಈ ಕಥೆ ಹೊಸದೆನಿಸದು.

ಹಾಗೆಂದು ಹಳೆಯ ವ್ಯವಸ್ಥೆಗೆ ಕೈಮುಗಿದು ಸುಮ್ಮನಾಗುವಂತಿಲ್ಲ. ದೇವರ ಮಾತು ಗೌಡನ ಬಾಯಿಂದಲೇ ಬರುತ್ತಿತ್ತು. ಗೌಡನಾಗಲು ಎಲ್ಲರಿಗೂ ಸಾಧ್ಯವಿರಲಿಲ್ಲ. ಬ್ರಿಟಿಷರ ಕಾಲದಲ್ಲಿ, ಘಟ್ಟದ ಮೇಲೆ ಎಕರೆ ತೋಟಕ್ಕೆ 9 ಎಕರೆವರೆಗೆ ಸೊಪ್ಪಿನಬೆಟ್ಟದ ಸವಲತ್ತು ಸಿಕ್ಕಿದ್ದು ಅಡಿಕೆ ತೋಟವಿದ್ದವರಿಗೆ. ತೋಟವಿಲ್ಲದ ಕುಣಬಿಗೆ, ಸಿದ್ದಿಗೆ ಕಾಡಿನಲ್ಲಿ ಕೇಳಿ ಪಡೆಯುವ ಹಕ್ಕು ಯಾವ ಕಡತದಲ್ಲಿತ್ತು? ಸೊಪ್ಪಿಗಾಗಿ ಸವರಿ ಸವರಿ ಬೋಳಾದ ಬೆಟ್ಟಗಳೂ ಇವೆ. ಸವಲತ್ತು ಸಿಕ್ಕ ಕೈಗೆ ಅಳುಕು ತಾನಾಗಿ ಬರುವುದಿಲ್ಲ.

1983ರ ಸೆಪ್ಟೆಂಬರ್ 8ರಂದು ಶಿರಸಿ ಬಳಿಯ ಸಾಲ್ಕಣಿ ಸುತ್ತಿನ ಜನ ಕಳಾಸೆ ಕಾಡಿಗೆ ನಡೆದುಹೋಗಿ ಮರಗಳನ್ನು ಅಪ್ಪಿಕೊಂಡರು. ಕೊಡಲಿ ಹಿಡಿದು ಬಂದವರ ಬಳಿ ಅಂದು ಸರ್ಕಾರದ ಅನುಮತಿ ಇತ್ತು, ಊರಿನ ಅಪ್ಪಣೆ ಇರಲಿಲ್ಲ. ಅಪ್ಪಿಕೋ ಚಳವಳಿ ಗೌಡನ ಬಾಯಲ್ಲಿದ್ದ ‘ಬೇಡ’ವನ್ನು ಸಾಮಾನ್ಯರ ತೋಳಿಗೆ ತಂದಿತು. ಆಮೇಲೆ ಬಂದ 2002ರ ಜೀವವೈವಿಧ್ಯ ಕಾಯಿದೆ ಪ್ರತಿ ಪಂಚಾಯತಿಯಲ್ಲೂ ಒಂದು ನಿರ್ವಹಣಾ ಸಮಿತಿ ಇರಬೇಕೆಂದಿತು. ವ್ಯಾಪಾರಕ್ಕಾಗಿ ಕಾಡಿನುತ್ಪನ್ನ ಒಯ್ಯುವವರಿಂದ ಶುಲ್ಕ ಪಡೆಯುವ ಅಧಿಕಾರವನ್ನೂ ಕೊಟ್ಟಿತು. 2004ರ ನಿಯಮ ಸಮಿತಿಯ ನಾಮನಿರ್ದೇಶಿತರಲ್ಲಿ ಮೂರರಲ್ಲೊಂದು ಪಾಲಾದರೂ ಹೆಂಗಸರಿರಬೇಕೆಂದಿತು. 2024ರಲ್ಲಿ ಅಘನಾಶಿನಿ ಅಳಿವೆ ಅಂತರರಾಷ್ಟ್ರೀಯ ಮಹತ್ವದ ಜೌಗುಭೂಮಿಗಳ ರಾಮ್ಸಾರ್ ಪಟ್ಟಿಗೂ ಸೇರಿತು.

ಕಡಲಪಾಚಿ ನಾಳೆ ಈ ಕರಾವಳಿಗೂ ಬರಬಹುದು, ಬರಲಿ. ಆ ದಿನ ತೆಪ್ಪ ಎಲ್ಲಿ ನಿಲ್ಲಬೇಕು, ಎಲ್ಲಿ ನಿಲ್ಲಬಾರದು ಎಂದು ಹೇಳುವ ಸಭೆಯಲ್ಲಿ ಬಳಚು ತೆಗೆಯುವ ಹೆಂಗಸರೂ ಉಪ್ಪಾಗೆ ಆರಿಸುವವರೂ ಕೂತಿರಬೇಕು. ಮುಂದಿನ ಸಾಕ್ಷ್ಯಚಿತ್ರ ತೆಗೆಯುವವರು ಕ್ಯಾಮೆರಾವನ್ನು ನೀರಿಗಿಳಿಸುವ ಮೊದಲು ಆ ಸಭೆಗೆ ಒಯ್ಯಬೇಕು.